ಹಳೇ ಕಾರಿನ ಹೊಸ ರಬ್ಬರು

ಸೋನಲಳ ಕಾಲುಗಳಷ್ಟೇ ಕಾರಿನಿಂದ ಹೊರಗೆ ಕಾಣುತ್ತಿದ್ದವು. ಮಿಕ್ಕ ದೇಹವೆಲ್ಲ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಂಗಾತ ಬಿದ್ದಿತ್ತು. ಅವಳ ಎಡಗೈಯಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ ರಬ್ಬರು ನಳಿಕೆ, ಬಲಗೈಯಲ್ಲಿ ಪಿಸ್ತೂಲಿನಂತೆ ಹಿಡಿಯುವ ಒಂದು ಪಂಪು. ಸೈಕಲ್ ಪಂಪು ಗಾಳಿ ತುಂಬುತ್ತದೆ. ಇದು ಉಲ್ಟಾ, ಗಾಳಿಯನ್ನು ಹೀರಿ ತೆಗೆಯುತ್ತದೆ. ಅದರ ನೆತ್ತಿಯ ಮೇಲಿದ್ದ ಮೀಟರಿನ ಮುಳ್ಳು ಮೇಲೇರಿ ನಿಂತಿತ್ತು.

ನಿಂತದ್ದು ನಿಂತೇ ಇತ್ತು. ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ. ಎಂದರೆ ಎಲ್ಲೂ ಸೋರಿಕೆ ಇರಲಿಲ್ಲ.

"ಸಿಕ್ತೇನ್ರಿ ಮೇಡಂ?" ಹೊರಗಿನಿಂದ ಇನ್‌ಸ್ಪೆಕ್ಟರ್ ಸಂಘರ್ಷ ಕೇಳಿದ.

"ಸಿಗವಲ್ತರಿ ಸಾಹೇಬ್ರ. ಅದ ನನಗ ಹೆದರಿಕಿ."

ಕಳೆದ ವಾರ ಮಳೆ ಸುರಿಯುತ್ತಿದ್ದ ಒಂದು ಸಂಜೆ, ಸಾಂಗ್ಲಿಯ ಅರಿಸಿನ ವ್ಯಾಪಾರಿ ಜಿನಪ್ಪ ಇದೇ ಕಾರಿನಲ್ಲಿ, ಸೇತುವೆಯ ಸಾಂಗ್ಲಿವಾಡಿ ಕಡೆಯ ತುದಿಯಲ್ಲಿ, ಇಂಜಿನ್ ಓಡುತ್ತಿರುವಂತೆಯೇ ಪ್ರಜ್ಞೆ ತಪ್ಪಿ ಬಿದ್ದಿದ್ದ. ಮಿರಜದ ಡಾಕ್ಟರರು ಅವನ ರಕ್ತದಲ್ಲಿ ಇಂಜಿನ್ ಹೊಗೆಯ ವಿಷವಿದೆ ಎಂದಿದ್ದರು. ಅವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಗಾಡಿ ಕೆಡಿಸಿದನೆಂಬ ಸಂಶಯದ ಮೇಲೆ ಅವನ ಡ್ರೈವರ್ ಲಗಮಣ್ಣ ಅಂದಿನಿಂದ ಲಾಕಪ್ಪಿನಲ್ಲಿದ್ದ.

ಲಗಮಣ್ಣನ ಹೇಳಿಕೆ ಒಂದೇ. ಸಾವಕಾರರು ಆವತ್ತು ತನ್ನನ್ನು ಮನೆಗೆ ಕಳಿಸಿ ತಾವೇ ಗಾಡಿ ತೆಗೆದುಕೊಂಡು ಹೋದರು. ಮುಂಜಾನೆಯಿಂದ ಡ್ಯಾಶ್‌ಬೋರ್ಡಿನೊಳಗೆ ಹಾವಿನಂತೆ ಬುಸ್ ಎನ್ನುವ ಸಪ್ಪಳವಿತ್ತು. ಯಾವ ಬಟನ್ ಒತ್ತಿದರೂ ಗಾಳಿ ಮುಂದಿನ ಗಾಜಿಗೇ ಹೊಡೆಯುತ್ತಿತ್ತು.

ಆ ಸಪ್ಪಳ ಹುಡುಕಲೆಂದೇ ಸಂಘರ್ಷ ಸೋನಲಳನ್ನು ಕರೆಸಿದ್ದ. ಕುಪವಾಡದಲ್ಲಿ ಅವಳ ಕಾರ್ ಎ.ಸಿ. ವರ್ಕ್‌ಶಾಪಿತ್ತು. ಹೊರದೇಶದಿಂದ ಬಂದ ಇಂಥ ಹಳೆಯ ಗಾಡಿಗಳ ಹೊಟ್ಟೆಯೊಳಗೆ ಕೈ ಹಾಕುವುದೆಂದರೆ ಅವಳಿಗೆ ಊಟ ನೆನಪಾಗುತ್ತಿರಲಿಲ್ಲ.

"ಸಪ್ಪಳ ಇಲ್ಲಂದ್ರ ಲಗಮಣ್ಣ ಸುಳ್ಳು ಹೇಳ್ಯಾನ ಅಂತಾತಲ್ರಿ," ಎಂದ ಸಂಘರ್ಷ. ಅವನ ದನಿಯಲ್ಲಿ ಸಂತೋಷವಿರಲಿಲ್ಲ. "ಮಧ್ಯಾಹ್ನ ಅವನ್ನ ಮತ್ತ ಕೋರ್ಟಿಗೆ ಒಯ್ಯಬೇಕು. ಏನರೇ ಹೇಳ್ರಿ ನನಗ."

ಸೋನಲ ತೆವಳಿಕೊಂಡು ಹೊರಬಂದು ಎದ್ದು ಕುಳಿತಳು. ಠಾಣೆಯ ಅಂಗಳದಲ್ಲಿ ರಾತ್ರಿಯ ಮಳೆಯ ನೀರು ಇನ್ನೂ ನಿಂತಿತ್ತು.

"ಇಲ್ಲಿ ಕೈ ಇಡ್ರಿ ಸಾಹೇಬ್ರ." ಅವಳು ಅವನ ಅಂಗೈಯನ್ನು ಎದುರಿನ ಗಾಳಿಕಿಂಡಿಯ ಹಿಂದಿದ್ದ ತೆಳು ತಗಡಿನ ಕದದ ಮೇಲೆ ಇರಿಸಿದಳು. "ಈಗ ನೋಡ್ರಿ. ನಾ ಅದನ್ನ ಮುಟ್ಟಂಗಿಲ್ಲ."

ಪಂಪಿನ ಹಿಡಿಕೆಯನ್ನು ಒತ್ತಿದಳು. ಒಂದು ಸಲ. ಎರಡು ಸಲ.

ಸಂಘರ್ಷನ ಅಂಗೈ ಕೆಳಗಿನ ತಗಡು ನಿದ್ದೆಯಿಂದೆದ್ದಂತೆ ಮಿಸುಕಿತು. ಯಾರೂ ಎಳೆಯಲಿಲ್ಲ, ಯಾರೂ ನೂಕಲಿಲ್ಲ, ವಿದ್ಯುತ್ತೂ ಇರಲಿಲ್ಲ. ಕದ ತನ್ನಷ್ಟಕ್ಕೆ ತಾನೇ ನಿಧಾನವಾಗಿ ತೆರೆದುಕೊಂಡಿತು. ಅವನು ಗಕ್ಕನೆ ಕೈ ಹಿಂದಕ್ಕೆಳೆದುಕೊಂಡ.

"ಅಯ್ಯೋ! ಏನ್ರಿ ಇದು, ಜೀವ ಇದ್ದಂಗ ಆತಲ್ಲ!"

"ಇಂಜಿನ್ ಓಡುವಾಗ ಉಸಿರ ಎಳಕೊಂತತಿ. ಆ ಉಸಿರಿನ ಸೆಳೆತಾನ ಇವರು ಒಂದು ಸಣ್ಣ ನಳಿಕಿಯೊಳಗ ಹಿಡಿದು, ಒಂದು ಡಬ್ಬ್ಯಾಗ ಕೂಡಿಟ್ಟು, ಡ್ಯಾಶ್‌ಬೋರ್ಡಿನ ತುಂಬ ಹಂಚ್ಯಾರ. ಒಂದೊಂದು ಕದಕ್ಕೂ ಒಂದೊಂದು ಪುಟ್ಟ ಡಬ್ಬಿ, ಅದರೊಳಗ ರಬ್ಬರಿನ ಹಾಳಿ. ನೀವು ಬಟನ್ ಒತ್ತಿದ್ರ ಆ ಸೆಳೆತ ರಬ್ಬರನ್ನ ಎಳೀತತಿ, ರಬ್ಬರು ಕಡ್ಡೀನ ಎಳೀತತಿ, ಕಡ್ಡಿ ಕದಾನ ತಗೀತತಿ. ಬರೇ ಗಾಳಿ ಇಲ್ಲದ ಜಾಗಾ, ಸಾಹೇಬ್ರ. ಏನೂ ಇಲ್ಲದ್ದು ಇಷ್ಟೆಲ್ಲ ಕೆಲಸಾ ಮಾಡತತಿ."

ಎಷ್ಟು ಕಾರು ಬಿಚ್ಚಿದ್ದರೂ ಆ ಕದ ತೆರೆಯುವ ಗಳಿಗೆಗೆ ಸೋನಲಳ ಮೈ ಇಂದಿಗೂ ಜುಮ್ಮೆನ್ನುತ್ತಿತ್ತು. ಎಲ್ಲೋ ಜರ್ಮನಿಯಲ್ಲಿ ಯಾರೋ ಒಬ್ಬ ಕುಳಿತು, ಇಂಜಿನ್ನಿನ ಉಸಿರಿಗೆ ಇಷ್ಟು ನಾಜೂಕಾದ ಕೆಲಸ ಕಲಿಸಿದ್ದ.

"ಮತ್ತ ಆ ರಬ್ಬರು ಹರದ್ರ?"

"ಒಂದು ಡಬ್ಬ್ಯಾಗ ಹರದ್ರ ಸಾಕು, ಎಲ್ಲಾ ಡಬ್ಬಿಗಳ ಸೆಳೆತ ಅದ ತೂತಿನ್ಯಾಗ ಹೋಗಿಬಿಡತತಿ. ಬುಸ್ ಅನ್ನೂ ಸಪ್ಪಳ ಅದರದು. ಆವಾಗ ಎಲ್ಲಾ ಕದಾನೂ ಸ್ಪ್ರಿಂಗಿನ ಜೋರಿಗೆ ಮೊದಲಿನ ಜಾಗಾಕ್ಕ ಬರತಾವು. ಗಾಳಿ ಗಾಜಿಗೆ ಹೊಡೀತತಿ. ಹೊರಗಿನ ಗಾಳಿ ಒಳಗ ಬರೂ ಕದ ಹಾರಹೊಡದಂಗ ತೆರೀತತಿ. ನೀವು ಒಳಗ ಅದನ್ನ ಮುಚ್ಚೂ ಬಟನ್ ಒತ್ತಿ ಕುಂತಿದ್ರೂ ಅಷ್ಟ."

ಲಗಮಣ್ಣ ಹೇಳಿದ್ದೆಲ್ಲ ಅದೇ. ಆದರೆ ಎದುರಿಗಿದ್ದ ಗಾಡಿ ಅದನ್ನು ಒಪ್ಪುತ್ತಿರಲಿಲ್ಲ. ಸೋನಲ ಇಂಜಿನ್ ಕಡೆಯ ನಳಿಕೆ ನೋಡಿದ್ದಳು, ಸೆಳೆತ ಕೂಡಿಡುವ ಡಬ್ಬಿ ನೋಡಿದ್ದಳು, ಒಂದೊಂದೇ ಕದದ ಡಬ್ಬಿಗೆ ಪಂಪು ಹಚ್ಚಿ ನೋಡಿದ್ದಳು. ಎಲ್ಲವೂ ಉಸಿರು ಬಿಗಿಹಿಡಿದು ಕುಳಿತಿದ್ದವು.

"ಥಾಂಬಾ, ಥಾಂಬಾ, ನಿಲ್ರಿ," ಎಂದ ಸಂಘರ್ಷ ಒಮ್ಮೆಲೇ. ಯೋಚನೆ ಓಡಿದಾಗ ಅವನ ಬಾಯಿಗೆ ಮರಾಠಿಯೇ ಮೊದಲು ಬರುತ್ತಿತ್ತು. "ಆವತ್ತು ಬಾಗಲಾ ತಗಿಯೂದಕ್ಕ ಮೊದಲ ನಮ್ಮ ಹವಾಲ್ದಾರ ಒಂದು ಫೋಟೋ ಹೊಡದಾನ."

ಮೊಬೈಲಿನಲ್ಲಿ ಆ ಚಿತ್ರ ಹುಡುಕಿ ಅವಳ ಮುಂದೆ ಹಿಡಿದ.

ಮಳೆಯಲ್ಲಿ ನಿಂತ ಕಾರು. ಪಕ್ಕದ ಗಾಜುಗಳೆಲ್ಲ ಒಳಗಿನಿಂದ ಆವಿಗಟ್ಟಿ ಬೆಳ್ಳಗಾಗಿದ್ದವು. ಮುಂದಿನ ಗಾಜೂ ಬೆಳ್ಳಗಿತ್ತು. ಆದರೆ ಅದರ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ಕಾಮನಬಿಲ್ಲಿನ ಆಕಾರದ ಎರಡು ತುಂಡುಗಳು ಮಾತ್ರ ತೊಳೆದಿಟ್ಟಂತೆ ತಿಳಿಯಾಗಿದ್ದವು. ಸ್ಟೇರಿಂಗ್ ಕಡೆಯ ಬಿಲ್ಲಿನೊಳಗಿಂದ ಜಿನಪ್ಪನ ಬಾಗಿದ ತಲೆ ಕಾಣುತ್ತಿತ್ತು. ಅದರಾಚೆ, ಒತ್ತಿಹಿಡಿದ ಒಂದು ಬಟನ್ನಿನ ಕೆಂಪು ದೀಪ.

ಸೋನಲ ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದಳು.

"ಸಾಹೇಬ್ರ, ಆ ಕೆಂಪು ದೀಪ ಹೊರಗಿನ ಗಾಳಿ ಮುಚ್ಚೂ ಬಟನ್ನಿಂದು. ಅವರು ಅದನ್ನ ಒತ್ತ್ಯಾರ. ಆದ್ರ ಗಾಳಿ ಗಾಜಿಗೆ ಹೊಡದತಿ, ನೋಡ್ರಿ ಆ ಬಿಲ್ಲು. ಆವತ್ತು ಈ ಗಾಡ್ಯಾಗ ಸೆಳೆತಾನ ಇರಲಿಲ್ಲ. ಲಗಮಣ್ಣ ಹೇಳಿದ್ದು ಖರೇ."

"ಮತ್ತ ಈಗ?"

"ಈಗ ಐತಿ."

ಪೊಲೀಸ್ ಠಾಣೆಯ ಅಂಗಳದಲ್ಲಿ, ಸೀಲು ಹಾಕಿ ನಿಲ್ಲಿಸಿದ ಗಾಡಿ, ತಾನಾಗಿಯೇ ವಾಸಿಯಾಗಿತ್ತು.

ಸೋನಲ ಮತ್ತೆ ಡ್ಯಾಶ್‌ಬೋರ್ಡಿನ ಅಡಿಗೆ ಹೋದಳು. ಈ ಸಲ ಅವಳು ಮುಳ್ಳನ್ನು ನೋಡಲಿಲ್ಲ, ಡಬ್ಬಿಗಳನ್ನು ಮೂಸಿ ನೋಡಿದಳು. ಹೊರಗಿನ ಗಾಳಿಯ ಕದಕ್ಕೆ ಕಟ್ಟಿದ ಡಬ್ಬಿಯ ಹತ್ತಿರ ಮೂಗು ನಿಂತಿತು. ಹೊಸ ಚಪ್ಪಲಿ ಅಂಗಡಿಯ ವಾಸನೆ.

ಎಡಗಡೆ ಸೀಟಿನ ಮುಂದಿನ ಖಾನೆಯನ್ನು ಕಳಚಿ, ಅದರ ಹಿಂದಿನಿಂದ ಡಬ್ಬಿಯನ್ನು ಬಿಚ್ಚಿ ಹೊರತಂದು ಬೆಳಕಿಗೆ ಹಿಡಿದಳು. ತಗಡೆಲ್ಲ ಹಳೆಯದು, ಮಂಕು ಹಿಡಿದದ್ದು. ಅಂಚಿನ ಮಡಿಕೆ ಮಾತ್ರ ನವಿರಾಗಿ ಹೊಳೆಯುತ್ತಿತ್ತು. ಯಾರೋ ಆ ಅಂಚನ್ನು ಒಂದೂ ಸೀಳು ಬರದಂತೆ ಎಬ್ಬಿಸಿ, ಹಳೆ ರಬ್ಬರನ್ನು ತೆಗೆದು, ಹೊಸದನ್ನು ಕೂಡಿಸಿ, ಮತ್ತೆ ಹಾಗೇ ಮಡಚಿದ್ದರು. ಕಡ್ಡಿಯ ಸಂದಿಯಿಂದ ಇಣುಕಿದರೆ ಒಳಗಿನ ರಬ್ಬರಿನ ಮೇಲೆ ಬಿಳಿಯ ಪುಡಿ ಇನ್ನೂ ಹಾಗೆಯೇ ಕುಳಿತಿತ್ತು.

ಈ ಡಬ್ಬಿ ಕೆಟ್ಟರೆ ಎಸೆಯುತ್ತಾರೆ, ಇಲ್ಲವೆ ಪರದೇಶದಿಂದ ತರಿಸುತ್ತಾರೆ. ಒಡೆಯದೆ ತೆರೆದು ಮತ್ತೆ ಮುಚ್ಚಿದವರನ್ನು ಸೋನಲ ಕಂಡಿರಲಿಲ್ಲ. ಅವಳೂ ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದಳು. ಅಪರಾಧ ನಡೆದ ಗಾಡಿಯ ಮುಂದೆ ನಿಂತಿದ್ದೇನೆಂಬುದನ್ನೂ ಮರೆತು ಅವಳು ಆ ಅಂಚಿನ ಮೇಲೆ ಬೆರಳಾಡಿಸಿದಳು.

"ಎಂಥಾ ಕೈ ಇದು!" ಎಂದಳು ಮೆಲ್ಲಗೆ.

ಬಾನೆಟ್ ಎತ್ತಿದಾಗ ಮಿಕ್ಕದ್ದೂ ಕಂಡಿತು. ಇಂಜಿನ್ನಿನಿಂದ ಹೊಗೆಯ ಕೊಳವೆ ಹೊರಡುವಲ್ಲಿ ನಟ್ಟುಗಳ ಮೂಲೆಗಳಲ್ಲಿ ಪಾನಾದ ಹೊಸ ಗೀರು, ಇತ್ತೀಚೆಗೆ ಬಿಗಿದದ್ದು. ಆದರೆ ಅಲ್ಲಿಂದ ಒಂದು ಕಪ್ಪು ಮಸಿಯ ನಾಲಿಗೆ ಮೇಲಕ್ಕೆ ಚಾಚಿ, ಹೊರಗಿನ ಗಾಳಿ ಒಳಹೋಗುವ ಜಾಳಿಗೆಯ ತನಕ ಹೋಗಿತ್ತು. ಕೊಳವೆ ಸಡಿಲಾಗಿದ್ದಾಗ ಹೊಗೆ ಹಿಡಿದ ದಾರಿ ಅದು. ಬಿಗಿದವರು ಮಸಿಯನ್ನು ಒರೆಸಿರಲಿಲ್ಲ.

ಸಂಘರ್ಷ ಬಗ್ಗಿ ಆ ಮಸಿಯನ್ನು ನೋಡಿದ. "ಒಂದು ಕಡೆ ಹೊಗೀ ಬಿಟ್ಟಾರ. ಇನ್ನೊಂದು ಕಡೆ ಅದಕ್ಕ ಬಾಗಲಾ ತಗದಾರ. ಪಾಪ, ಮನಷ್ಯಾ ಬಾಗಲಾ ಮುಚ್ಚೇನಂತ ತಿಳಕೊಂಡು ಆರಾಮ ಕುಂತಾನ." ಅವನ ದನಿ ತಗ್ಗಿತು. "ಇಷ್ಟು ಸದ್ದಿಲ್ಲದ ಕೊಲ್ಲಾಕ ನೋಡಿದ್ದು ನಾ ಎಂದೂ ಕಂಡಿಲ್ರಿ ಮೇಡಂ."

ಅಂಗಳದ ಬೇವಿನ ಮರದ ಕೆಳಗೆ ಲಗಮಣ್ಣನ ಹೆಂಡತಿ ಸಾತವ್ವ ಕುಳಿತಿದ್ದಳು. ಗಂಡನನ್ನು ಹಿಡಿದ ದಿನದಿಂದ ತನ್ನೂರು ಆರಗದಿಂದ ಮೊದಲ ಬಸ್ಸಿಗೆ ಬಂದು, ಕೊನೆಯ ಬಸ್ಸಿಗೆ ಹೋಗುತ್ತಿದ್ದಳು. ಕಾವಲಿನವರಿಗಿಂತ ಹೆಚ್ಚು ಹೊತ್ತು ಈ ಅಂಗಳವನ್ನು ನೋಡಿದವಳು ಅವಳೇ.

ಸೋನಲ ಹೋಗಿ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು. "ಮಾವಶಿ, ಈ ಗಾಡಿ ಹತ್ತಿರ ಯಾರರೇ ಬಂದಿದ್ರೇನು?"

"ಭರತೇಶ ಸಾವಕಾರ ಬಂದಿದ್ರವ್ವಾ, ದೊಡ್ಡ ಸಾವಕಾರರ ತಮ್ಮಾರು. ಗಾಡ್ಯಾಗಿಂದ ಭಗವಾನರ ಫೋಟೋ ಬೇಕಂತ, ದವಾಖಾನ್ಯಾಗ ಅಣ್ಣನ ತಲಿದಿಂಬಿನ ಹತ್ರ ಇಡತೀವಂತ. ಭಾಳೊತ್ತು ಗಾಡ್ಯಾಗ ಕುಂತಿದ್ರು. ಅಳಾಕತ್ತಾರೇನೋ ಅಂದಕೊಂಡೆ ನಾ."

"ಹೌದು, ನಾನ ಪರವಾನಗಿ ಕೊಟ್ಟಿದ್ದೆ," ಎಂದ ಸಂಘರ್ಷ, ತುಟಿ ಕಚ್ಚಿಕೊಂಡು.

"ಮರುದಿನ ಮತ್ತ ಬಂದ್ರು," ಎಂದಳು ಸಾತವ್ವ. "ಆ ಫೋಟೋ ತಂದು ಇದ್ದಲ್ಲೇ ಇಟ್ಟು, ಬಾನೆಟ್ ಎತ್ತಿ ಏನೋ ನೋಡಿ ಹ್ವಾದ್ರು. ದವಾಖಾನ್ಯಾಗ ಇನ್ನ ಅಣ್ಣಾ ಎದ್ದಿಲ್ಲ, ಭಗವಾನರನ್ನ ಯಾಕ ವಾಪಸ ತಂದ್ರು ಅಂತ ನನಗ ತಿಳೀಲಿಲ್ಲವ್ವಾ."

ಡಬ್ಬಿ ಒಯ್ಯಲು ಒಂದು ದಿನ, ತಂದು ಕೂಡಿಸಲು ಇನ್ನೊಂದು ದಿನ. ಸೋನಲ ತಿರುಗಿ ನೋಡಿದಳು. ಡ್ಯಾಶ್‌ಬೋರ್ಡಿನ ಮೇಲೆ ತೀರ್ಥಂಕರರ ಪುಟ್ಟ ಚಿತ್ರ ಹೊಸ ಟೇಪಿನಲ್ಲಿ ಅಂಟಿಕೊಂಡು ಕುಳಿತಿತ್ತು, ಅರ್ಧ ಮುಚ್ಚಿದ ಕಣ್ಣು, ಶಾಂತ.

"ಸಾಹೇಬ್ರ, ಭರತೇಶ ಕಾಕಾರ ಕಾರಖಾನಿ ನಮ್ಮ ಎಂಐಡಿಸಿಯೊಳಗ ಐತಿ. ಏನು ಮಾಡತಾರ ಗೊತ್ತೈತೇನ್ರಿ?"

"ಏನು?"

"ರಬ್ಬರು."

*

ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯ ಆ ಶೆಡ್ಡಿನೊಳಗೆ ಕಾಲಿಟ್ಟೊಡನೆ ಬಿಸಿಯೂ ಅದೇ ವಾಸನೆಯೂ ಒಟ್ಟಿಗೇ ಮುಖಕ್ಕೆ ಬಡಿದವು. ಭರತೇಶ ಅಚ್ಚಿನ ಯಂತ್ರದ ಮುಂದೆ ನಿಂತಿದ್ದ. ಕಾದ ಎರಡು ಉಕ್ಕಿನ ಹಲಗೆಗಳು ಬಿಚ್ಚಿಕೊಂಡವು. ಒಳಗಿಂದ ಅವನು ಹೂವಿನೆಸಳಿನಷ್ಟು ತೆಳ್ಳಗಿನ ಒಂದು ಕಪ್ಪು ಬಿಲ್ಲೆಯನ್ನು ಎತ್ತಿದ. ಹಾಲು ಕರೆಯುವ ಯಂತ್ರಕ್ಕೆ ಹಾಕುವ ರಬ್ಬರು ಅದು. ಬೆಳಕಿಗೆ ಹಿಡಿದು, ಊದಿ, ಕಿವಿಯ ಹತ್ತಿರ ತಂದು ಬೆರಳಿನಿಂದ ಮೀಟಿ ನೋಡಿದ. ಅದರ ನಾದಕ್ಕೆ ಅವನ ಮುಖ ಅರಳಿತು.

ಅಷ್ಟರಲ್ಲಿ ಖಾಕಿ ಕಣ್ಣಿಗೆ ಬಿತ್ತು.

"ಬರ್ರಿ, ಕುಂದ್ರಿ," ಎಂದ. "ಅರೇ, ಸೋನಲ? ನೀ ಹೆಂಗ ಇಲ್ಲಿ? ನಿಮ್ಮಪ್ಪ ಆರಾಮದಾನಲ್ಲ?"

"ಆರಾಮದಾರ್ರಿ ಕಾಕಾ."

ಸಂಘರ್ಷ ಬಾಯಿ ತೆರೆಯುವುದರೊಳಗೆ ಸೋನಲ ಚೀಲದಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಭರತೇಶನ ಕಣ್ಣು ಅದರ ಮೇಲೆ ಬಿದ್ದು, ಅಲ್ಲಿಂದ ಗೋಡೆಗೆ ಹೋಯಿತು.

ದಾರಿಯುದ್ದಕ್ಕೂ ಅವಳು ಏನು ಕೇಳಬೇಕೆಂದು ಯೋಚಿಸುತ್ತ ಬಂದಿದ್ದಳು. ಈಗ ಬಾಯಿಗೆ ಬಂದದ್ದು ಬೇರೆಯೇ, ಮನಸ್ಸಿನಲ್ಲಿ ನಿಜವಾಗಿ ಇದ್ದದ್ದು.

"ಕಾಕಾ, ನಾ ಪುಣಿಯೊಳಗ ಕಲಿತೇನಿ, ಮುಂಬಯಿಯೊಳಗ ಕೆಲಸಾ ಮಾಡೇನಿ. ಇಷ್ಟು ಚೆಂದ ಕೆಲಸ ಎಲ್ಲೂ ನೋಡಿಲ್ಲ. ಈ ಅಂಚು ಮಡಚಿದವರಿಗೆ ಕೈ ಮುಗೀಬೇಕು."

ಭರತೇಶ ಸುಮ್ಮನಿರಬೇಕಿತ್ತು. ಆದರೆ ಜೀವಮಾನವಿಡೀ ವಾಷರು ಮಾಡಿದವನ ಕೆಲಸವನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ.

"ಅಂಚು ಎಬ್ಬಸೂದು ಸುಲಭ," ಎಂದ ಸಣ್ಣಗೆ. "ವಾಪಸ ಕೂಡಸೂದ ಕಠಿಣ. ತಗಡು ಸ್ವಲ್ಪ ಬಿಸಿ ಮಾಡಬೇಕಾಗತತಿ."

ಯಂತ್ರದ ಉಕ್ಕಿನ ಹಲಗೆಗಳು ಮತ್ತೆ ಒಂದಾದವು. ತಾನು ಏನು ಹೇಳಿದೆನೆಂದು ಅವನಿಗೆ ಆಮೇಲೆ ಹೊಳೆಯಿತು. ಸ್ಟೂಲಿನ ಮೇಲೆ ಕುಸಿದು ಕುಳಿತ.

"ಅಣ್ಣನ್ನ ಕೊಲ್ಲಾಕ ನೋಡಿ, ಆಮ್ಯಾಲ ಸಾಕ್ಷಿ ಅಳಸಾಕ ನಮ್ಮ ಅಂಗಳಕ್ಕ ಬಂದ್ರಿ," ಎಂದ ಸಂಘರ್ಷ. "ಅದೂ ಭಗವಾನರ ಹೆಸರ ಹೇಳಿ."

"ನಾ ಕೊಲ್ಲಾಕ ನೋಡಿಲ್ಲ! ಸಾಹೇಬ್ರ, ಅವ ನನ್ನ ಎತ್ತಿ ಆಡಿಸಿದ ಅಣ್ಣ."

"ಮತ್ತ ಹಳೀ ರಬ್ಬರು ಎಲ್ಲಿ?"

ಭರತೇಶ ಅಂಗಿಯ ಒಳಜೇಬಿಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ ಒಂದು ಬಿಲ್ಲೆಯನ್ನು ತೆಗೆದ. ಎಸೆಯಲಾರದೆ ಮೈಮೇಲೆಯೇ ಇಟ್ಟುಕೊಂಡು ತಿರುಗುತ್ತಿದ್ದ.

ಸೋನಲ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಳೆಯ ರಬ್ಬರು ಹರಿದರೆ ಅಂಚಿನಲ್ಲಿ, ಮಡಿಕೆಯ ಗುಂಟ ಹರಿಯುತ್ತದೆ. ಇದರ ಅಂಚು ಗಟ್ಟಿಯಾಗಿತ್ತು. ತೂತು ಇದ್ದದ್ದು ಮಧ್ಯದ ಹತ್ತಿರ, ನಳಿಕೆ ಕೂಡುವ ಬಾಯಿಗೆ ಸರಿಯಾಗಿ ಎದುರಿಗೆ. ಸಣ್ಣದು, ಬೇವಿನೆಲೆಯ ಆಕಾರದ್ದು.

"ದಬ್ಬಣ," ಎಂದಳು. "ಚೀಲಾ ಹೊಲಿಯೂ ದಬ್ಬಣ. ನಳಿಕಿ ಕಿತ್ತು, ಡಬ್ಬಿ ಬಾಯಾಗ ದಬ್ಬಣ ತೂರಿಸಿ, ಒಮ್ಮೆ ಚುಚ್ಚಿ, ನಳಿಕಿ ಮತ್ತ ಹಚ್ಚ್ಯಾರ. ಡಬ್ಬಿ ಬಿಚ್ಚೇ ಇಲ್ಲ. ಎಡಗಡೆ ಸೀಟಿನ್ಯಾಗ ಕುಂತು ಖಾನೆದ ಹಿಂದ ಕೈ ಹಾಕಿದ್ರ ಸಾಕು." ಅವಳು ಸಂಘರ್ಷನ ಕಡೆ ತಿರುಗಿದಳು. "ಸಾಹೇಬ್ರ, ಇದು ಇವರ ಕೈ ಅಲ್ಲ. ಈ ಅಂಚು ಮಡಚಿದ ಮನಷ್ಯಾಗ ರಬ್ಬರು ಕೆಡಸೂದಿದ್ರ ಹಿಂಗ ಒರಟಾಗಿ ಚುಚ್ಚತಿದ್ದಿಲ್ಲ. ತಾನ ಹರದಂಗ ಮಾಡತಿದ್ರು. ಯಾರಿಗೂ ಗೊತ್ತಾಗತಿದ್ದಿಲ್ಲ."

ಭರತೇಶ ತಲೆ ಎತ್ತಿ ಅವಳನ್ನು ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಕೃತಜ್ಞತೆಯದೋ ಭಯದ್ದೋ ಹೇಳುವಂತಿರಲಿಲ್ಲ.

"ದಬ್ಬಣ ಅಂದ್ರ ಅರಿಸಿನ ಚೀಲದ ಅಡತಿ ಅಂಗಡಿ," ಎಂದ ಸಂಘರ್ಷ. "ಅಡತಿ ಅಂದ್ರ ನಿಮ್ಮ ಮನಿ. ಯಾರನ್ನ ಉಳಸಾಕತ್ತೀರಿ?"

"ನನಗ ಗೊತ್ತಿಲ್ಲ."

"ಗೊತ್ತಿಲ್ಲದವರ ಸಲವಾಗಿ ಯಾರೂ ಠಾಣೆಕ್ಕ ಬಂದು ಕಳವು ಮಾಡಂಗಿಲ್ಲ. ಲಗಮಣ್ಣನ ಹೆಂಡತಿ ಆ ಬೇವಿನ ಗಿಡದ ಬುಡಕ ಕುಂತಾಳ, ನೋಡೀರಿ ನೀವು. ಎರಡ ಸಲ ಆಕಿ ಮುಂದಿಂದ ಹಾದು ಹೋಗೀರಿ."

ಭರತೇಶ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ಲಗಮಣ್ಣನ್ನ ಬಿಡ್ರಿ. ನಾನ ಮಾಡೇನಂತ ಬರಕೊಳ್ರಿ. ಸಹಿ ಮಾಡತೀನಿ."

"ಕಾಕಾ, ಮಾಡದ್ದನ್ನ ಮಾಡೇನಂತೀರಿ?" ಸೋನಲಳಿಗೆ ಮಾತು ತಡವರಿಸಿತು. ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ತನ್ನನ್ನು ಎತ್ತಿ ಕೊಡಬಲ್ಲನೆಂದರೆ, ಅವನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡದ್ದು ಎಷ್ಟು ದೊಡ್ಡದಿರಬೇಕು!

ಮೇಜಿನ ಮೇಲಿದ್ದ ಅವನ ಮೊಬೈಲು ಗಡಗಡಿಸಿತು. ಪರದೆಯ ಮೇಲೆ 'ವೈನಿ' ಎಂದಿತ್ತು. ಅವನ ಅತ್ತಿಗೆ, ಜಿನಪ್ಪನ ಹೆಂಡತಿ ಹೀರಾಬಾಯಿ. ಮಿರಜದ ದವಾಖಾನೆಯಲ್ಲಿ ಅವಳು ಗಂಡನ ಮಂಚ ಬಿಟ್ಟು ಕದಲಿರಲಿಲ್ಲ.

ಸಂಘರ್ಷ ಸ್ಪೀಕರ್ ಹಾಕುವಂತೆ ಸನ್ನೆ ಮಾಡಿದ.

"ಭರತೇಶ! ಇವರು ಕಣ್ಣ ತಗದಾರಪ್ಪಾ!" ಹೀರಾಬಾಯಿಯ ದನಿ ನಗುವಿಗೂ ಅಳುವಿಗೂ ನಡುವೆ ನಡುಗುತ್ತಿತ್ತು. "ಡಾಕ್ಟರರೂ ಕೈ ಬಿಟ್ಟಿದ್ರು. ಸುಮ್ಮನ ಕುಂತಿದ್ದೆ, ಕೈ ಹಿಡಕೊಂಡು. ದೀಪಾ ಹತ್ತಿದಂಗ ಕಣ್ಣ ತಗದ್ರು ನೋಡು."

ಸೋನಲ ತನಗೆ ಗೊತ್ತಿಲ್ಲದಂತೆಯೇ ಕೈ ಜೋಡಿಸಿದ್ದಳು. ಅಷ್ಟು ಹೊಗೆ ಕುಡಿದ ಎದೆ ಮತ್ತೆ ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡಿತ್ತು. ಕಠಿಣ ಮುಖದ ಸಂಘರ್ಷನೂ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಮಾತಾಡಿದನೇನ ವೈನಿ?" ಎಂದ ಭರತೇಶ. ಅವನ ತುಟಿಗಳು ಬಿಳಿಚಿದ್ದವು.

"ಮಾತಾಡಿದ್ರು." ಆ ಕಡೆಯ ದನಿ ಬದಲಾಯಿತು. "ನನ್ನ ಮಾರಿ ನೋಡಿದ್ರು, ನನ್ನ ಹೆಸರ ಹಿಡೀಲಿಲ್ಲ. 'ಹಿಂದಿನ ಸೀಟಿನ್ಯಾಗ ಮಲಗಿದ್ದ ಪೋರಿ ಬದಕ್ಯಾಳಿಲ್ಲೋ?' ಅಂತ ಕೇಳಿದ್ರು. ಅದ ಮಾತು ಮತ್ತ ಮತ್ತ. ಯಾವ ಪೋರಿ ಭರತೇಶ? ಗಾಡ್ಯಾಗ ಇವರೊಬ್ಬರ ಸಿಕ್ಕಿದ್ರಲ್ಲ?"

ಸಂಘರ್ಷ ಸೋನಲಳ ಕಡೆ ತಿರುಗಿದ. ಹವಾಲ್ದಾರ ಬಾಗಿಲು ತೆಗೆದಾಗ ಹಿಂದಿನ ಸೀಟು ಖಾಲಿಯಿತ್ತು. ಸಂಘರ್ಷ ಅದನ್ನು ತನ್ನ ಕಣ್ಣಾರೆ ನೋಡಿದ್ದ.

ಸೋನಲ ನೋಡುತ್ತಿದ್ದದ್ದು ಭರತೇಶನನ್ನು. ಇಂಥ ಮಾತು ಕೇಳಿದ ಯಾರಾದರೂ ಬೆಚ್ಚಿಬೀಳಬೇಕು. ಅವನು ಬೆಚ್ಚಲಿಲ್ಲ. ಮೇಜಿನ ಮೇಲೆ ಬಾಗಿ, ಮೊಬೈಲಿನ ಹತ್ತಿರ ಬಾಯಿ ತಂದು, ಪಿಸುದನಿಯಲ್ಲಿ ಕೇಳಿದ:

"ವೈನಿ, ಅಣ್ಣ ಆಕಿ ಹೆಸರ ಹೇಳಿದನೇನು?"